ಕ್ರಾನ್‌ಬರ್ನ್‌ನಲ್ಲಿ ಎರಡು ಕುರ್ಚಿಯ ಒಪ್ಪಂದ

ಹೊರಡುವ ಮುನ್ನ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಕಾಂಗರೂ ನೋಡಿದಿರಾ? ನೋಡಿದೆ. ರಸ್ತೆ ಪಕ್ಕದ ಹಳದಿ ಫಲಕದ ಮೇಲೆ. ಜೀವಂತ ಕಾಂಗರೂ ನೋಡಲು ನನಗೆ ಪುರುಸೊತ್ತಾಗಲಿಲ್ಲ. ಅಲ್ಲಿದ್ದ ಐದು ವಾರಗಳಲ್ಲಿ ಒಂದು ವಾರ ಸಂವಿಧಾನ ಬರೆಯುವುದರಲ್ಲಿ ಹೋಯಿತು, ಉಳಿದವು ಅದರ ಕರ್ಮ ಅನುಭವಿಸುವುದರಲ್ಲಿ.

ನಾನು ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯ್ತಿಗಳಲ್ಲಿ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಓದುಗರಲ್ಲಿ ಪಟ್ಟಣದವರಿದ್ದರೆ ಅವರಿಗೆ ನಮ್ಮ ಕಡೆಯ ಒಂದು ಪದ್ಧತಿ ತಿಳಿಸಬೇಕು. ಪಂಚಾಯ್ತಿ ಅಧ್ಯಕ್ಷನ ಅವಧಿ ಮೂವತ್ತು ತಿಂಗಳು. ಎರಡು ಗುಂಪುಗಳು ಸಮಬಲದಲ್ಲಿ ಗೆದ್ದು ಬಂದರೆ ಒಳ ಒಪ್ಪಂದವಾಗುತ್ತದೆ: ಮೊದಲ ಹದಿನೈದು ತಿಂಗಳು ನೀನು, ಆಮೇಲಿನ ಹದಿನೈದು ತಿಂಗಳು ಅವನು. ಆದರೆ ಕುರ್ಚಿಯಲ್ಲಿ ಕೂತವನು ತಾನಾಗಿ ಏಳುತ್ತಾನೆಂದು ಯಾರು ನಂಬುತ್ತಾರೆ? ಅದಕ್ಕೇ ಅವನು ಅಧಿಕಾರ ಹಿಡಿಯುವ ದಿನವೇ ತಾರೀಕಿಲ್ಲದ ರಾಜೀನಾಮೆ ಪತ್ರ ಬರೆಸಿ, ಸಹಿ ಮಾಡಿಸಿ, ದೇವರ ಮುಂದೆ ಆಣೆ ಇಡಿಸಿ, ಪತ್ರವನ್ನು ಇಬ್ಬರಿಗೂ ಬೇಕಾದ ಒಬ್ಬ ಹಿರಿಯನ ಕೈಗೆ ಕೊಡುತ್ತಾರೆ. ಹದಿನೈದು ತಿಂಗಳಾದರೂ ಆಸಾಮಿ ಏಳದಿದ್ದರೆ ಹಿರಿಯ ಅದಕ್ಕೊಂದು ತಾರೀಕು ಬರೆದು ಮೇಲಿನ ಕಚೇರಿಗೆ ಕಳಿಸುತ್ತಾನೆ.

ಸರ್ಕಾರಿ ನೌಕರ ಇಂಥದ್ದಕ್ಕೆಲ್ಲ ಕೈ ಹಾಕಬಾರದು. ನಾನು ಕೈ ಹಾಕಲಿಲ್ಲ, ನಮ್ಮ ಮನೆಯ ಬೀರು ಕೊಟ್ಟೆ ಅಷ್ಟೆ. ಒಂದು ಕಾಲಕ್ಕೆ ಏಳು ಪಂಚಾಯ್ತಿಗಳ ರಾಜೀನಾಮೆ ನನ್ನ ಹೆಂಡತಿಯ ರೇಷ್ಮೆ ಸೀರೆಗಳ ಅಡಿಯಲ್ಲಿದ್ದವು. ಇದರಲ್ಲಿ ಒಂದು ಗುಟ್ಟಿದೆ. ರಾಜೀನಾಮೆ ಕಚೇರಿಗೆ ಮುಟ್ಟಿದ ಮೇಲೂ ಹತ್ತು ದಿನದೊಳಗೆ ಅದನ್ನು ಹಿಂದಕ್ಕೆ ಪಡೆಯಬಹುದು. ಅಳುವುದು, ಕಾಲು ಹಿಡಿಯುವುದು, ರಾಜಿಯಾಗುವುದು ಎಲ್ಲ ಆ ಹತ್ತು ದಿನಗಳಲ್ಲೇ. ತಾರೀಕು ಹಾಕಿದ್ದು ಹೆದರಿಸಲಿಕ್ಕೆ, ಇಳಿಸಲಿಕ್ಕಲ್ಲ. ಈ ಅನುಭವ ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹ್ಯಾರಿಸ್ ಪಾರ್ಕ್

ನನ್ನ ತಂಗಿ ವಸಂತಾ ಇರುವುದು ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ, ಅವಳ ಮಗಳು ಅನಘಾ ಇರುವುದು ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ. ಟಿಕೆಟ್ಟು ಸಿಡ್ನಿಗೆ ಸಿಕ್ಕಿದ್ದರಿಂದ ಮೊದಲು ಮಗಳ ಮನೆ. ಹ್ಯಾರಿಸ್ ಪಾರ್ಕ್‌ನಲ್ಲಿ ಎರಡು ಬೀದಿ ನಡೆದರೆ ಪಂಜಾಬ್, ಗುಜರಾತ್, ಹೈದರಾಬಾದ್ ಮುಗಿದುಹೋಗುತ್ತವೆ. ಮೊದಲ ಸಂಜೆ ನಾನು ಜಿಲೇಬಿ ತಿನ್ನುತ್ತ ನಿಂತು, ಇಷ್ಟಕ್ಕೆ ಹದಿಮೂರು ತಾಸು ವಿಮಾನದಲ್ಲಿ ಕಾಲು ಮಡಚಿಕೊಂಡು ಕೂರಬೇಕಿತ್ತೇ ಎಂದುಕೊಂಡೆ.

ಸಿಡ್ನಿಯಲ್ಲಿ ನನಗೆ ಬಹಳ ಹಿಡಿಸಿದ್ದು ರೈಲಿನ ಸೀಟು. ಅದರ ಬೆನ್ನನ್ನು ಹಿಡಿದು ಆಚೆ ತಳ್ಳಿದರೆ ಸೀಟಿನ ಮುಖವೇ ಬದಲಾಗುತ್ತದೆ. ಎದುರುಬದುರು ಕೂತವರು ಕ್ಷಣದಲ್ಲಿ ಒಂದೇ ದಿಕ್ಕಿನವರಾಗುತ್ತಾರೆ. ಇದನ್ನು ನಮ್ಮ ವಿಧಾನಸಭೆಯಲ್ಲಿ ಜೋಡಿಸಿದರೆ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ಯುವ ತಾಪತ್ರಯ ತಪ್ಪುತ್ತದೆ ಎಂದು ಅನಘಾಗೆ ವಿವರಿಸುತ್ತ, ತೋರಿಸಲೆಂದು ಒಂದು ಸೀಟಿನ ಬೆನ್ನು ತಳ್ಳಿದೆ. ಅದು ಹಿಂದೆ ಕೂತಿದ್ದ ಹೆಂಗಸಿನ ಮೊಣಕಾಲಿಗೆ ಬಡಿಯಿತು. ಆಕೆ ನನಗೇ ಸಾರಿ ಹೇಳಿದಳು. ಪೆಟ್ಟು ತಿಂದವರು ಕ್ಷಮೆ ಕೇಳುವ ದೇಶವನ್ನು ನಾನು ಅದೇ ಮೊದಲು ನೋಡಿದ್ದು. ಅನಘಾ ನಮ್ಮ ಮಾತನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಮಾಮಾ, ಪ್ಲೀಸ್, ಡೋಂಟ್ ಟಚ್ ಎನಿಥಿಂಗ್" ಎಂದಳು. ಆ ಮಾತನ್ನು ನಾನು ರೈಲಿಗಷ್ಟೇ ಅನ್ವಯಿಸಿಕೊಂಡೆ, ತಪ್ಪಾಯಿತು.

ಅವಳೇ ಹೇಳಿದ ಇನ್ನೊಂದು ಸಂಗತಿ. ಈ ದೇಶಕ್ಕೆ ರಾಜಧಾನಿ ಸಿಡ್ನಿಯಾಗಬೇಕೋ ಮೆಲ್ಬರ್ನ್ ಆಗಬೇಕೋ ಎಂದು ಜಗಳ ಹತ್ತಿ, ಯಾರೂ ಬಿಟ್ಟುಕೊಡದೆ, ಕಡೆಗೆ ನಡುವೆ ಕುರಿ ಮೇಯುತ್ತಿದ್ದ ಬಯಲಿನಲ್ಲಿ ಕ್ಯಾನ್‌ಬೆರ್ರಾ ಎಂಬ ಊರನ್ನೇ ಕಟ್ಟಿದರಂತೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ನವನಗರ ಎದ್ದ ಹಾಗೆ. ನನಗೆ ಆ ದೇಶದ ಮೇಲೆ ಗೌರವ ಹುಟ್ಟಿದ್ದು ಆಗ.

ಮೂರನೆಯ ದಿನ ಕ್ರಾನ್‌ಬರ್ನ್‌ನಿಂದ ಫೋನು ಬಂತು. ಮೊದಲು ಶ್ರೀಧರ್ ಎಂಬವರದು, ಹತ್ತು ನಿಮಿಷದ ಮೇಲೆ ಸದಾನಂದ ಎಂಬವರದು. ವಸಂತಾ ಹನ್ನೊಂದು ವರ್ಷಗಳಿಂದ ಅಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ವಾರವೆಲ್ಲ ವೃದ್ಧರ ಆರೈಕೆ ಕೇಂದ್ರದಲ್ಲಿ ದುಡಿದು, ಭಾನುವಾರ ಅಲ್ಲಿಯ ನಗರಸಭೆಯಾದ ಕೌನ್ಸಿಲ್‌ನವರ ಸಮುದಾಯ ಭವನದಲ್ಲಿ ಇಪ್ಪತ್ತೆರಡು ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಾಳೆ. ಆ ಮಕ್ಕಳಲ್ಲಿ ಹನ್ನೆರಡು ಬೆಂಗಳೂರು ಮೈಸೂರಿನ ಕಡೆಯವರ ಮಕ್ಕಳು, ಹತ್ತು ಉಡುಪಿ ಮಂಗಳೂರಿನ ತುಳು ಮನೆಗಳವು. ಅಲ್ಲಿಯವರ ಲೆಕ್ಕದಲ್ಲಿ ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು. ಹಿಂದಿನ ನವೆಂಬರಿನ ರಾಜ್ಯೋತ್ಸವದಲ್ಲಿ ಕೆಳಗಿನವರ ಯಕ್ಷಗಾನಕ್ಕೆ ಇಪ್ಪತ್ತು ನಿಮಿಷ ಕೊಟ್ಟಿದ್ದರಂತೆ. ಅದು ಒಂದೂವರೆ ತಾಸು ನಡೆಯಿತಂತೆ. ಮೇಲಿನವರ ಮಕ್ಕಳು ಸಿನಿಮಾ ಹಾಡಿನ ಕುಣಿತಕ್ಕೆ ಮೇಕಪ್ ಹಚ್ಚಿಕೊಂಡು ಕಾದು ಕಾದು ನಿಂತಲ್ಲೇ ನಿದ್ದೆ ಹೋದರಂತೆ. ಅಂದಿನಿಂದ ಎರಡು ಕಡೆಯ ದೊಡ್ಡವರಿಗೆ ಮಾತಿಲ್ಲ.

ಮೇಲಿನವರ ಮುಂದಾಳು ಶ್ರೀಧರ್, ಕೆಳಗಿನವರ ಮುಂದಾಳು ಸದಾನಂದ, ಇಬ್ಬರೂ ಒಂದೇ ಮಾತು ಕೇಳಿದರು. ತರಗತಿಯ ಸಮಿತಿಗೆ ಒಬ್ಬ ಅಧ್ಯಕ್ಷ ಬೇಕು, ಅವನು ನಮ್ಮವನೇ ಆಗಬೇಕು, ಆಗದಿದ್ದರೆ ನ್ಯಾಯವಾಗಿ ಹಂಚಿಕೊಡಿ. ನಾನು ಮೇಲಿನವನೂ ಅಲ್ಲ, ಕೆಳಗಿನವನೂ ಅಲ್ಲ, ಹಾವೇರಿಯವನು. ಹಾಗಾಗಿ ನಿಷ್ಪಕ್ಷಪಾತಿ ಎಂದರು. ಹಾವೇರಿಯವರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎನ್ನುವುದನ್ನು ಇಷ್ಟು ಮರ್ಯಾದೆಯಿಂದ ಹೇಳಿದ್ದು ನನಗೆ ಖುಷಿಯಾಯಿತು.

ಪ್ಯಾರಾಮಟ್ಟಾದ ಕ್ಷೌರದಂಗಡಿ

ಮೆಲ್ಬರ್ನ್‌ಗೆ ಹೋಗುವ ಮುಂಚೆ ತಲೆ ನೀಟಾಗಿರಲೆಂದು ಪಕ್ಕದ ಪ್ಯಾರಾಮಟ್ಟಾದಲ್ಲಿ ಕ್ಷೌರಕ್ಕೆ ಹೋದೆ. ಕತ್ತರಿ ಹಿಡಿದವರು ಇಲಿಯಾಸ್ ಎಂಬ ಅರವತ್ತರ ಮನುಷ್ಯ, ಲೆಬನಾನ್ ದೇಶದವರು. ನನ್ನ ಪಂಚಾಯ್ತಿ ಇಂಗ್ಲಿಷಿನಲ್ಲಿ ನಾನು ಬಂದ ಕೆಲಸ ಹೇಳಿದೆ. ಅವರು ಕತ್ತರಿ ಆಡಿಸುತ್ತಲೇ ತಮ್ಮ ದೇಶದ ಕಥೆ ಹೇಳಿದರು. ಅಲ್ಲಿ ರಾಷ್ಟ್ರಾಧ್ಯಕ್ಷ ಕ್ರೈಸ್ತರ ಒಂದು ಪಂಗಡದವನೇ ಆಗಬೇಕು, ಪ್ರಧಾನಿ ಸುನ್ನಿಯೇ, ಸಂಸತ್ತಿನ ಸಭಾಧ್ಯಕ್ಷ ಶಿಯಾನೇ. ನಾನು ಕೂತಲ್ಲೇ ನೆಟ್ಟಗಾದೆ, ಕಿವಿ ಸ್ವಲ್ಪದರಲ್ಲಿ ಉಳಿಯಿತು. ಇದು ನಮ್ಮ ಮೀಸಲಾತಿ ರೋಸ್ಟರ್ ಅಲ್ಲವೇ! ನಮ್ಮದು ಪ್ರತಿ ಅವಧಿಗೂ ತಿರುಗುತ್ತದೆ, ನಿಮ್ಮದೂ ತಿರುಗುತ್ತದೆಯೇ ಎಂದು ಕೇಳಿದೆ. ಇಲ್ಲವಂತೆ, ಯಾರ ಕುರ್ಚಿ ಅವರದೇ.

ಜಗಳವಿಲ್ಲವಲ್ಲ ಹಾಗಾದರೆ, ಎಂದೆ. ಜಗಳ ಇಲ್ಲದ ದಿನ ಕೆಲಸವೂ ಇರುವುದಿಲ್ಲ ಎಂದರು. ಒಬ್ಬರ ಒಪ್ಪಿಗೆ ಇನ್ನೊಬ್ಬರಿಗೆ ಸಿಗದೆ ರಾಷ್ಟ್ರಾಧ್ಯಕ್ಷನ ಕುರ್ಚಿ ಎರಡು ವರ್ಷಕ್ಕೂ ಹೆಚ್ಚು ಖಾಲಿ ಬಿದ್ದದ್ದುಂಟಂತೆ. ಎಲ್ಲರಿಗೂ ಒಂದೊಂದು ಕುರ್ಚಿ ಕೊಟ್ಟರೆ ಹೊಡೆದಾಟ ನಿಲ್ಲುತ್ತದೆ, ಆಮೇಲೆ ಯಾವ ಕುರ್ಚಿಯನ್ನೂ ಅಲುಗಿಸಲು ಆಗುವುದಿಲ್ಲ, ಹುಷಾರು ಎಂದರು. ನಾನು ಮೊದಲ ಅರ್ಧವನ್ನು ಮಾತ್ರ ಬರೆದುಕೊಂಡೆ.

ಆ ಸಂಜೆ ಅನಘಾಳ ಲ್ಯಾಪ್‌ಟಾಪಿನಲ್ಲಿ ಇನ್ನಷ್ಟು ಒಡೆದ ದೇಶಗಳ ಪಾಠ ನಡೆಯಿತು. ಬಾಸ್ನಿಯಾಕ್ಕೆ ಮೂವರು ಅಧ್ಯಕ್ಷರು, ಎಂಟೆಂಟು ತಿಂಗಳಿಗೆ ಹಿರಿತನ ತಿರುಗುತ್ತದೆ, ಒಬ್ಬ ತನ್ನ ಜನರ ಹಿತಕ್ಕೆ ಧಕ್ಕೆ ಎಂದರೆ ನಿರ್ಧಾರ ನಿಂತುಹೋಗಬಹುದು. ಉತ್ತರ ಐರ್ಲೆಂಡಿನಲ್ಲಿ ಇಬ್ಬರು ಸಮಾನರು, ಒಬ್ಬ ಎದ್ದರೆ ಇನ್ನೊಬ್ಬನೂ ಎದ್ದಂತೆಯೇ. ಓದುತ್ತ ಓದುತ್ತ ನನಗೆ ಹಸಿವೆಯೇ ಮರೆತುಹೋಯಿತು. ಇಷ್ಟು ದೊಡ್ಡ ದೊಡ್ಡವರು ರಕ್ತ ಹರಿದ ಮೇಲೆ ಕಂಡುಕೊಂಡದ್ದನ್ನು ನಾನು ಯಕ್ಷಗಾನದ ಒಂದೂವರೆ ತಾಸಿಗೆ ಅನ್ವಯಿಸಲು ಕೂತೆ. ಎಲ್ಲರಿಂದ ಸ್ವಲ್ಪ ಸ್ವಲ್ಪ ತೆಗೆದೆ. ಸಮಿತಿಗೆ ಇಬ್ಬರು ಸಮಾನ ಅಧ್ಯಕ್ಷರು. "ಇದು ನಮ್ಮ ಕಡೆಯವರ ಮರ್ಯಾದೆಯ ಪ್ರಶ್ನೆ" ಎಂದು ಒಬ್ಬರು ಹೇಳಿದರೆ ಆ ವಿಷಯ ಅಲ್ಲಿಗೇ ತಡೆ. ಕಾರ್ಯದರ್ಶಿಯಾದ ವಸಂತಾ ಇಬ್ಬರ ಒಪ್ಪಿಗೆಯಿಲ್ಲದೆ ಯಾವ ಕಾಗದಕ್ಕೂ ಸಹಿ ಹಾಕುವಂತಿಲ್ಲ. ಕಡೆಗೆ, ಎಲ್ಲಕ್ಕೂ ಕಳಶವಿಟ್ಟಂತೆ, ಹಾವೇರಿ ಜಿಲ್ಲೆಯ ಕೊಡುಗೆ: ಇಬ್ಬರೂ ತಾರೀಕಿಲ್ಲದ ರಾಜೀನಾಮೆ ಬರೆದು ನನ್ನ ಕೈಗೆ ಕೊಡತಕ್ಕದ್ದು.

ಕ್ರಾನ್‌ಬರ್ನ್

ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂದು ಕಾದಾಡುವವರು ವಾಸಿಸುವ ಕ್ರಾನ್‌ಬರ್ನ್‌ನಲ್ಲಿ ನಾನು ನೋಡಿದ ಅತಿ ಎತ್ತರದ ಜಾಗ ರಸ್ತೆಯ ಉಬ್ಬು. ಅಂಗೈಯಂಥ ಬಯಲು. ಒಂದೇ ಅಚ್ಚಿನ ಮನೆಗಳು, ಒಂದೇ ಬಣ್ಣದ ಹೆಂಚು. ಎರಡನೆಯ ದಿನ ವಾಕಿಂಗ್ ಮುಗಿಸಿ ಬಂದು ಪಕ್ಕದ ಮನೆಯ ಬಾಗಿಲಿಗೆ ಕೀಲಿ ತಿರುವುತ್ತಿದ್ದೆ. ಒಳಗಿಂದ ಬಂದ ಚೀನೀ ಅಜ್ಜ ನನ್ನ ಕೈ ಹಿಡಿದು ವಸಂತಾಳ ಮನೆಗೆ ಬಿಟ್ಟುಹೋದ. ಬಹುಶಃ ಅವನೂ ಒಮ್ಮೆ ಇದೇ ತಪ್ಪು ಮಾಡಿರಬೇಕು.

ಸಮುದಾಯ ಭವನದ ಬಾಗಿಲಲ್ಲಿ ಒಂದು ಫಲಕವಿದೆ. ಈ ನೆಲ ಇಲ್ಲಿಯ ಮೂಲನಿವಾಸಿಗಳದು, ಅವರ ಹಿರಿಯರಿಗೆ ನಮ್ಮ ಗೌರವ ಎಂದು. ಪ್ರತಿ ಸಭೆಯನ್ನೂ ಇದನ್ನು ಓದಿಯೇ ಆರಂಭಿಸುತ್ತಾರಂತೆ. ಆ ಮೂಲನಿವಾಸಿಗಳಿಗೆ ಸಂಸತ್ತಿಗೆ ಸಲಹೆ ಹೇಳುವ ಒಂದು ಮಂಡಳಿ ಕೊಡೋಣವೇ ಎಂದು ದೇಶವನ್ನೆಲ್ಲ ಮತಕ್ಕೆ ಹಾಕಿ ಕೇಳಿದಾಗ ಬೇಡ ಎಂಬುದೇ ಗೆದ್ದಿತಂತೆ. ಇದು ನನಗೆ ಹೊಸದೇನೂ ಅನ್ನಿಸಲಿಲ್ಲ. ಹೊಲದ ಯಜಮಾನನಿಗೆ ದಿನಾ ನಮಸ್ಕಾರ ಹಾಕಿ ಪಹಣಿಯಲ್ಲಿ ತಮ್ಮ ಹೆಸರನ್ನೇ ಇಟ್ಟುಕೊಂಡ ಗೌಡರನ್ನು ನಾನೂ ಕಂಡಿದ್ದೇನೆ.

ನನ್ನ ಕರಡನ್ನು ವಸಂತಾ ಅಡಿಗೆಮನೆಯಲ್ಲಿ ನಿಂತೇ ಓದಿದಳು. ಓದಿ, ಮಡಚಿ, ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಅಣ್ಣಾ, ಹನ್ನೊಂದು ವರ್ಷ ಆತು, ನಾನೊಬ್ಬಾಕಿನ ಸಹಿ ಮಾಡ್ತೇನಿ. ಯಾರೂ ಕೇಳಿಲ್ಲ, ಏನೂ ನಿಂತಿಲ್ಲ. ನಡಿಯೋದನ್ನ ಯಾಕ ರಿಪೇರಿ ಮಾಡ್ತಿ?"

ನಾನು ನಕ್ಕು, ಇದು ವ್ಯವಸ್ಥೆ, ವ್ಯಕ್ತಿಯ ಮೇಲೆ ನಿಲ್ಲಬಾರದು ಎಂದೆಲ್ಲ ಹೇಳಿದೆ. ತಂಗಿಗೆ ನಾನು ಪಾಠ ಹೇಳಿದೆ ನೋಡಿ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ಡಾಕ್‌ಲ್ಯಾಂಡ್ಸ್

ಸಹಿ ಹಾಕಲು ಜಾಗ ಆರಿಸುವುದಕ್ಕೇ ನಾಲ್ಕು ದಿನ ಹಿಡಿಯಿತು. ಒಬ್ಬರ ಮನೆಗೆ ಇನ್ನೊಬ್ಬರು ಬರುವುದಿಲ್ಲ. ಕಡೆಗೆ ಡಾಕ್‌ಲ್ಯಾಂಡ್ಸ್ ಎಂದಾಯಿತು. ಶ್ರೀಧರ್ ಅಲ್ಲೇ ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ಕೆಲಸ ಮಾಡುತ್ತಾರೆ. ಹಾಗಾದರೆ ಅದು ಅವರ ಜಾಗವಾಯಿತಲ್ಲ ಎಂದು ಔಷಧಿ ಅಂಗಡಿ ನಡೆಸುವ ಸದಾನಂದ ತಕರಾರು ತೆಗೆದರು. ಕೊನೆಗೆ ಕಟ್ಟಡದೊಳಗೆ ಬೇಡ, ನೀರಿನ ದಂಡೆಯ ಬೆಂಚು ಯಾರ ಸ್ವತ್ತೂ ಅಲ್ಲ ಎಂದು ಒಪ್ಪಿಸಿದೆ.

ಇಬ್ಬರೂ ಟ್ರಾಮಿನಿಂದ ಇಳಿದರು, ಬೇರೆ ಬೇರೆ ಬಾಗಿಲಿನಿಂದ. ಇಬ್ಬರೂ ಒಳ್ಳೆಯವರೇ. ಶ್ರೀಧರ್ ತೆಳ್ಳಗೆ, ಮಾತಿಗೊಮ್ಮೆ ಆಕ್ಚುಲಿ ಅನ್ನುವವರು. ಸದಾನಂದ ದುಂಡಗೆ, ನನಗೆಂದು ಮನೆಯಿಂದ ಗೋಳಿಬಜೆ ಕಟ್ಟಿಸಿಕೊಂಡು ಬಂದಿದ್ದರು. ಗೋಳಿಬಜೆ ನೋಡಿದ ಕೂಡಲೇ ಶ್ರೀಧರ್ ಇದು ಲಂಚ ಎಂಬಂತೆ ನನ್ನ ಮುಖ ನೋಡಿದರು. ಯಾರು ಮೊದಲು ಸಹಿ ಹಾಕಬೇಕು ಎಂಬ ಪ್ರಶ್ನೆಗೆ ಎರಡು ಪ್ರತಿ ಮಾಡಿಸಿ ತಂದಿದ್ದೆ, ಒಂದರಲ್ಲಿ ಇವರು ಮೇಲೆ, ಇನ್ನೊಂದರಲ್ಲಿ ಅವರು ಮೇಲೆ. ಆಣೆ ಇಡಿಸುವುದು ಮಾತ್ರ ಆಗಲಿಲ್ಲ. ಸದಾನಂದ ದೈವದ ಹೆಸರು ಹೇಳಿದರು, ಶ್ರೀಧರ್ ತಮ್ಮ ಮನೆದೇವರ ಹೆಸರು ಹೇಳಿದರು, ಇವರ ದೇವರಿಗೆ ಅವರು ಹೆದರುವವರಲ್ಲ. ಎರಡು ರಾಜೀನಾಮೆಗಳು ನನ್ನ ಲಕೋಟೆಗೆ ಬಂದವು. ಅಷ್ಟರಲ್ಲಿ ಕಡಲ ಹಕ್ಕಿಯೊಂದು ಎರಗಿ ಗೋಳಿಬಜೆಯ ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು. ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭ ಎಂದು ನಾನು ನಕ್ಕೆ. ಇಬ್ಬರೂ ನಗಲಿಲ್ಲ.

ಒಂದೇ ಗೆರೆಯ ಫಾರಂ

ಅದಾಗಿ ಹದಿನೈದನೆಯ ದಿನ, ಒಂದು ಸೋಮವಾರ, ಭವನದ ಬುಕಿಂಗ್ ನವೀಕರಣದ ಫಾರಂ ಬಂತು. ವರ್ಷಕ್ಕೊಮ್ಮೆ ಬರುತ್ತದೆ. ಗುರುವಾರ ಸಂಜೆ ಐದರೊಳಗೆ ಸಹಿ ಮಾಡಿ ಕಳಿಸದಿದ್ದರೆ ಭಾನುವಾರದ ಜಾಗ ಕಾಯುವ ಪಟ್ಟಿಯಲ್ಲಿದ್ದ ಮುಂದಿನವರಿಗೆ. ಫಾರಂನಲ್ಲಿ ಜವಾಬ್ದಾರಿ ಹೊತ್ತವರ ಸಹಿಗೆ ಇದ್ದದ್ದು ಒಂದೇ ಗೆರೆ.

ಶ್ರೀಧರ್ ಸಹಿ ಹಾಕುತ್ತೇನೆಂದರು. ಸದಾನಂದ, ಇದು ನಮ್ಮ ಕಡೆಯವರ ಮರ್ಯಾದೆಯ ಪ್ರಶ್ನೆ, ತಡೆ ಎಂದರು. ಸದಾನಂದ ಸಹಿ ಹಾಕಲಿ ಎಂದೆ. ಶ್ರೀಧರ್ ತಡೆ ಎಂದರು. ನಾನೇ ಕೌನ್ಸಿಲ್ ಕಚೇರಿಗೆ ಹೋಗಿ, ಇನ್ನೊಂದು ಗೆರೆ ಎಳೆದುಕೊಳ್ಳಬಹುದೇ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ಬಹಳ ವಿನಯದಿಂದ, ಒಬ್ಬರು ಸಾಕು, ಯಾರಾದರೂ ಆದೀತು ಎಂದಳು. ಯಾರಾದರೂ ಆದೀತು! ಈ ಮಾತು ಅರ್ಥವಾಗುವವರು ನನಗೆ ಕ್ರಾನ್‌ಬರ್ನ್‌ನಲ್ಲಿ ಒಬ್ಬರೂ ಸಿಗಲಿಲ್ಲ. ವಸಂತಾ ಹಿಂದಿನಂತೆ ತಾನೇ ಸಹಿ ಹಾಕಿಬಿಡುತ್ತೇನೆ ಎಂದಳು. ಎರಡೂ ಕಡೆಯವರು ನನ್ನ ಕೈಬರಹದ ಕಲಮನ್ನು ಫೋಟೋ ತೆಗೆದು ಅವಳಿಗೇ ಕಳಿಸಿದರು.

ಬುಧವಾರ ಸಂಜೆ ವಿಡಿಯೋ ಕಾಲ್‌ನಲ್ಲಿ ಸಮಿತಿಯ ಸಭೆ. ನನಗೆ ಹಳೆಯ ಹುರುಪು ಬಂತು. ಇಂಥ ಎಷ್ಟು ಅಧ್ಯಕ್ಷರನ್ನು ನೋಡಿಲ್ಲ! ಲಕೋಟೆ ಒಡೆದೆ, ಎಲ್ಲರಿಗೂ ಕಾಣುವಂತೆ ಎರಡೂ ಪತ್ರಗಳಿಗೆ ಅಂದಿನ ತಾರೀಕು ಬರೆದೆ, ಗಟ್ಟಿಯಾಗಿ ಓದಿದೆ. ಈಗ ಅಳುತ್ತಾರೆ, ರಾಜಿಯಾಗುತ್ತಾರೆ ಎಂದು ಕನ್ನಡಕದ ಮೇಲಿಂದ ನೋಡಿದೆ.

ಯಾರೂ ಅಳಲಿಲ್ಲ. ಶ್ರೀಧರ್ ಅಲ್ಲಿಯ ಸಂಘಗಳಿಗೆಲ್ಲ ಇರುವ ನಿಯಮದ ಪುಸ್ತಕ ತೆರೆದರು. "ಅಂಕಲ್, ಆಕ್ಚುಲಿ ನಮ್ಮ ರೂಲ್ಸ್ ಪ್ರಕಾರ ಮೀಟಿಂಗ್‌ನಲ್ಲಿ ಓದಿದ ತಕ್ಷಣ ರೆಸಿಗ್ನೇಷನ್ ಅಕ್ಸೆಪ್ಟ್ ಆದ ಹಾಗೇನೇ. ಸೋ, ನಾನೀಗ ಪ್ರೆಸಿಡೆಂಟ್ ಅಲ್ಲ."

"ನಾನೂ ಅಲ್ಲ," ಎಂದರು ಸದಾನಂದ. "ಅವರು ಬಿಟ್ಟ ಕುರ್ಚಿಯನ್ನು ಹಿಡ್ಕೊಂಡು ಕೂರುವ ಜನ ನಾವಲ್ಲ ಮಾರಾಯ್ರೆ."

ಇಬ್ಬರ ಮುಖದಲ್ಲೂ ಹುತಾತ್ಮರ ಕಳೆ. ಹತ್ತು ದಿನದ ಅವಕಾಶ ಎಂದು ನಾನು ತೊದಲಿದೆ. ಅದು ಕರ್ನಾಟಕದ ಕಾಯ್ದೆ ಅಂಕಲ್ ಎಂದರು ಯಾರೋ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಸಹಿ ಹಾಕಲು ಒಪ್ಪದ ಇಬ್ಬರು ಅಧ್ಯಕ್ಷರಿದ್ದ ಸಮಿತಿಯಲ್ಲಿ ಈಗ ಸಹಿ ಹಾಕಲು ಅಧ್ಯಕ್ಷರೇ ಇಲ್ಲ. ಅಧ್ಯಕ್ಷರಿಲ್ಲದೆ ಕಾರ್ಯದರ್ಶಿಯೂ ಸಹಿ ಹಾಕುವಂತಿಲ್ಲ.

ಗುರುವಾರ ಐದು ಗಂಟೆಗೆ ನಾನೂ ವಸಂತಾಳೂ ಅಡಿಗೆಮನೆಯ ಗಡಿಯಾರ ನೋಡುತ್ತ ಕೂತಿದ್ದೆವು. ಐದೂಕಾಲಿಗೆ ಈಮೇಲ್ ಬಂತು, ಹನ್ನೊಂದು ವರ್ಷ ನಮ್ಮ ಭವನ ಬಳಸಿದ್ದಕ್ಕೆ ಧನ್ಯವಾದ ಎಂದು. ವಸಂತಾ ಓದಿದಳು. ಬೈದಿದ್ದರೆ ಚೆನ್ನಾಗಿತ್ತು. "ಆ ಮಕ್ಕಳ ಬಾಯಾಗ ಕನ್ನಡ ಬರೂದು ವಾರಕ್ಕ ಎರಡ ತಾಸು, ಅಣ್ಣಾ. ಅದನ್ನೂ ನೀ ಇಸಗೊಂಡಿ," ಎಂದಳು. ಎದ್ದು ಡ್ಯೂಟಿಗೆ ಹೋದಳು. ಅರವತ್ತೆರಡನೇ ವಯಸ್ಸಿನಲ್ಲಿ ನಾನು ಒಲೆಯ ಮುಂದೆ ಒಬ್ಬನೇ ನಿಂತು ಅತ್ತೆ, ನಾಚಿಕೆಯಿಂದ.

ಕಾಫಿ ಕ್ಲಬ್ಬು

ಭವನ ಸಿಕ್ಕಿದ್ದು ಮುದುಕರ ಒಂದು ಕಾಫಿ ಕ್ಲಬ್ಬಿಗೆ. ಶುಕ್ರವಾರ ನಾವಿಬ್ಬರೂ ಅದರ ಮುಖ್ಯಸ್ಥ ಮಿರ್ಸಾದ್ ಅವರ ಮನೆಗೆ ಹೋದೆವು. ಇಟ್ಟಿಗೆ ಕೆಲಸ ಮಾಡಿ ನಿವೃತ್ತರಾದವರು, ಹುಟ್ಟೂರು ಬಾಸ್ನಿಯಾ. ನಾನು ಲ್ಯಾಪ್‌ಟಾಪಿನಲ್ಲಿ ಓದಿದ ಮೂವರು ಅಧ್ಯಕ್ಷರ ದೇಶದವರೇ! ಅವರ ಕ್ಲಬ್ಬಿನಲ್ಲಿ ಆ ಮೂರೂ ಪಂಗಡದವರಿದ್ದಾರಂತೆ. ಊರಿನಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ಕಡೆಯವರು ಇಲ್ಲಿ ಒಂದೇ ಮೇಜಿನಲ್ಲಿ ಇಸ್ಪೀಟು ಆಡುತ್ತಾರಂತೆ. ನಿಮ್ಮ ಅಧ್ಯಕ್ಷರು ಯಾರು, ಸರದಿ ಹೇಗೆ ಎಂದು ನಾನು ಕುತೂಹಲ ತಡೆಯಲಾರದೆ ಕೇಳಿದೆ. ಅಧ್ಯಕ್ಷರಿಲ್ಲ, ಕೆಟಲ್ ಇದೆ ಎಂದರು. ಯಾರು ಮೊದಲು ಬರುತ್ತಾರೋ ಅವರು ನೀರು ಕಾಯಿಸುತ್ತಾರೆ. ಇದರಿಂದ ನಾವು ದೊಡ್ಡ ಮನುಷ್ಯರು ಅಂದುಕೊಳ್ಳಬೇಡಿ, ಒಂದು ಕುರ್ಚಿ ಇಟ್ಟು ನೋಡಿ, ನಾಳೆಯೇ ಹೊಡೆದಾಡುತ್ತೇವೆ ಎಂದರು.

ವಸಂತಾ ಅರ್ಧ ಭವನ ಕೇಳಿದಳು. ಮಕ್ಕಳು ಗಲಾಟೆ ಮಾಡುತ್ತಾರೆ ಎಂದು ಮೊದಲೇ ಹೇಳಿದಳು. ನಮ್ಮವರಲ್ಲಿ ಅರ್ಧ ಜನಕ್ಕೆ ಕಿವಿ ಕೇಳುವುದಿಲ್ಲ, ಬನ್ನಿ ಎಂದರು ಮಿರ್ಸಾದ್. ಕಾಗದವಿಲ್ಲ, ಕಲಮಿಲ್ಲ. ಎರಡು ನಿಮಿಷ.

ಮನೆಗೆ ಬಂದು ಫೋನು ನೋಡಿದರೆ ಬೇರೆಯೇ ರಾಮಾಯಣ. ಮೇಲಿನವರು ತಮ್ಮದೇ ಬೇರೆ ತರಗತಿ ಎಂದು ಘೋಷಿಸಿದ್ದರು, ಕೆಳಗಿನವರು ತಮ್ಮದೇ ಬೇರೆ ಎಂದು. ಎರಡಕ್ಕೂ ಹೆಸರಿತ್ತು, ಲಾಂಛನವಿತ್ತು. ಟೀಚರ್ ಮಾತ್ರ ಇರಲಿಲ್ಲ. ಭಾನುವಾರ ಯಾರೂ ಮಕ್ಕಳನ್ನು ಕಳಿಸುವುದಿಲ್ಲ ಎಂದು ಎರಡೂ ಕಡೆ ಪ್ರತ್ಯೇಕವಾಗಿ ತೀರ್ಮಾನವಾಗಿತ್ತು. ನವೆಂಬರಿನಿಂದ ಈಚೆಗೆ ಇಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಇದು. ಮಕ್ಕಳಿಲ್ಲದ ಭವನ ಕಟ್ಟಿಕೊಂಡು ವಸಂತಾ ಏನು ಮಾಡಬೇಕು?

ಶನಿವಾರ

ನಾನೇ ಕೆಡಿಸಿದ್ದನ್ನು ನಾನೇ ನೆಟ್ಟಗೆ ಮಾಡಬೇಕಿತ್ತು. ಬೆಳಿಗ್ಗೆ ಶ್ರೀಧರ್ ಮನೆಗೆ ನಡೆದು ಹೋದೆ. ಕ್ಷಮೆ ಕೇಳಿದೆ, ಅರ್ಧ ಭವನ ಸಿಕ್ಕಿದ್ದನ್ನು ಹೇಳಿದೆ. ಅವರು ಕಾಫಿ ಕೊಟ್ಟರು, ಮರ್ಯಾದೆಯಿಂದ ಮಾತಾಡಿದರು. ಮಕ್ಕಳನ್ನು ಕಳಿಸಲು ತಮ್ಮದೇನೂ ಅಭ್ಯಂತರವಿಲ್ಲ, ಆದರೆ ಸದಾನಂದರ ಕಡೆಯವರು ಮೊದಲು ಒಪ್ಪಲಿ. ನಾವು ಮೊದಲು ಒಪ್ಪಿದರೆ ಸೋತಂತೆ ಆಗುತ್ತದಲ್ಲ ಅಂಕಲ್, ಎಂದರು.

ಸದಾನಂದ ಏನು ಹೇಳುತ್ತಾರೆಂದು ಹೋಗಿ ಕೇಳುವ ಅಗತ್ಯವೇ ನನಗಿರಲಿಲ್ಲ. ಆ ಉತ್ತರ ಮೂವತ್ತೊಂದು ವರ್ಷದಿಂದ ನನಗೆ ಬಾಯಿಪಾಠ. ಶ್ರೀಧರ್ ಅವರ ಅಂಗಳದ ಹುಲ್ಲು ನೋಡುತ್ತ ಒಂದು ಗಳಿಗೆ ಕೂತೆ. ನನ್ನ ಸೇವಾವಧಿಯಲ್ಲಿ ಸುಳ್ಳು ದಾಖಲೆ ಬರೆದವನಲ್ಲ ನಾನು. ಇದು ದಾಖಲೆಯಲ್ಲ, ಬರಿಯ ಮಾತು ಎಂದು ಮನಸ್ಸಿಗೆ ಹೇಳಿಕೊಂಡೆ.

"ಸದಾನಂದ ಅವರು ನಿನ್ನೇನ ಒಪ್ಪ್ಯಾರ್ರಿ," ಎಂದೆ. "ನಾಳೆ ಹತ್ತಕ್ಕ ಅವರ ಕಡೆ ಮಕ್ಕಳೆಲ್ಲಾ ಬರ್ತಾವ. ನೀವು ಹೂಂ ಅಂದ್ರ ಸಾಕು."

ಶ್ರೀಧರ್ ಕಣ್ಣು ಅರಳಿದವು. ಅವರು ಬಗ್ಗಿದ ಮೇಲೆ ನಾವು ದೊಡ್ಡತನ ತೋರಿಸಬೇಕು ಎಂದರು, ಆಗಲೇ ಫೋನು ಹಿಡಿದು ತಮ್ಮವರಿಗೆಲ್ಲ ತಿಳಿಸಲು ಶುರುಮಾಡಿದರು. ಅಲ್ಲಿಂದ ಸೀದಾ ಸದಾನಂದರ ಮನೆಗೆ ಹೋಗಿ ಇದೇ ಮಾತನ್ನು ಹೆಸರು ಬದಲಿಸಿ ಹೇಳಿದೆ. ಅವರು ನನಗೆ ಬಲವಂತ ಮಾಡಿ ಎರಡು ಬಂಗುಡೆ ಮೀನು ಬಡಿಸಿದರು. ನಾನು ಸಸ್ಯಾಹಾರಿ ಎಂದು ಅವರಿಗೆ ಗೊತ್ತಿರಲಿಲ್ಲ, ಹೇಳುವ ಧೈರ್ಯ ನನಗೂ ಇರಲಿಲ್ಲ. ಕರವಸ್ತ್ರದಲ್ಲಿ ಸುತ್ತಿಕೊಂಡು ತಂದು ಚೀನೀ ಅಜ್ಜನಿಗೆ ಕೊಟ್ಟೆ.

ಇಬ್ಬರಲ್ಲಿ ಒಬ್ಬರು ಇನ್ನೊಬ್ಬರಿಗೆ ಒಂದು ಫೋನು ಮಾಡಿದರೆ ಸಾಕು, ನನ್ನ ಬಂಡವಾಳ ಬಯಲಾಗುತ್ತಿತ್ತು. ಆದರೆ ನವೆಂಬರಿನಿಂದ ಅವರಿಗೆ ಮಾತಿಲ್ಲವಲ್ಲ. ಅವರ ದ್ವೇಷವನ್ನೇ ನಂಬಿ ಮಲಗಿದೆ.

ಭಾನುವಾರ

ಹತ್ತಕ್ಕೆ ಹತ್ತು ನಿಮಿಷವಿತ್ತು. ಭವನದ ಒಂದು ಅರ್ಧದಲ್ಲಿ ಮಿರ್ಸಾದರ ಮುದುಕರು ಇಸ್ಪೀಟು ಹರಡಿದ್ದರು, ಇನ್ನೊಂದರಲ್ಲಿ ವಸಂತಾ ಇಪ್ಪತ್ತೆರಡು ಕುರ್ಚಿ ಜೋಡಿಸಿ ಬೆನ್ನು ತಿರುಗಿಸಿ ನಿಂತಿದ್ದಳು. ಅವಳಿಗೆ ನಾನೇನೂ ಹೇಳಿರಲಿಲ್ಲ. ಹೊರಗೆ ಕಾರು ನಿಲ್ಲಿಸುವ ಜಾಗ ಖಾಲಿ. ಹತ್ತಕ್ಕೆ ಐದು. ಖಾಲಿಯೇ.

ಆಮೇಲೆ ರಸ್ತೆಯ ಆ ತುದಿಯಿಂದ ಶ್ರೀಧರ್ ಕಾರು, ಈ ತುದಿಯಿಂದ ಸದಾನಂದರ ಕಾರು, ಒಂದೇ ಸಲ ಗೇಟಿನ ಮುಂದೆ ಬಂದು ನಿಂತವು. ಹಿಂದೆ ಸಾಲಾಗಿ ಉಳಿದವರು. ಇನ್ನೊಬ್ಬರು ಆಗಲೇ ಒಳಗೆ ತಲೆ ತಗ್ಗಿಸಿ ಕೂತಿರುತ್ತಾರೆ ಎಂದುಕೊಂಡು ಬಂದವರಿಗೆ ಇನ್ನೊಬ್ಬರು ಈಗಷ್ಟೇ ಬರುತ್ತಿರುವುದು ಕಂಡಿತು. ಎರಡೂ ಕಾರಿನ ಇಂಜಿನ್ ಆಫ್ ಆಗಲಿಲ್ಲ.

ದೊಡ್ಡವರು ಯೋಚಿಸುತ್ತಿರುವಾಗಲೇ ಹಿಂದಿನ ಬಾಗಿಲುಗಳು ತೆರೆದುಕೊಂಡವು. ಒಂದು ವಾರದಿಂದ ಒಬ್ಬರನ್ನೊಬ್ಬರು ನೋಡದ ಮಕ್ಕಳು ಕಿರುಚುತ್ತ, ಚೀಲ ಎಳೆದುಕೊಂಡು, ಮೇಲೆ ಕೆಳಗೆ ಎಲ್ಲ ಬೆರೆತು ಬಾಗಿಲಲ್ಲಿ ನುಗ್ಗಿದರು. ಇನ್ನು ಅವರನ್ನು ಬೇರ್ಪಡಿಸಿ ಹೊರಗೆ ಎಳೆಯಬೇಕಾದರೆ ಪೊಲೀಸರೇ ಬರಬೇಕಿತ್ತು. ವಸಂತಾ ತಿರುಗಿದಳು. ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. "ಅಣ್ಣಾ, ಎಲ್ಲಾರೂ ಬಂದಾರ," ಎಂದಳು, ಸೆರಗಿನಿಂದ ಕಣ್ಣು ಒರೆಸಿಕೊಂಡು ಹಾಜರಿ ಕೂಗತೊಡಗಿದಳು.

ನಾನು ಹೊರಗೆ ಬಂದೆ. ಕಾರುಗಳ ಇಂಜಿನ್ ಓಡುತ್ತಲೇ ಇತ್ತು, ಶ್ರೀಧರ್ ಇಳಿದು ಆ ಮೂಲೆಯ ಬೇವಿನಂಥ ಮರದ ಕೆಳಗೆ ನಿಂತಿದ್ದರು, ಸದಾನಂದ ಈ ಮೂಲೆಯ ಕಸದ ಡಬ್ಬಿಯ ಬಳಿ. ಇಬ್ಬರ ಮುಖದಲ್ಲೂ ಅನುಮಾನ. ಮೊದಲು ಶ್ರೀಧರ್ ಬಳಿ ಹೋದೆ. ಅವರು ದನಿ ತಗ್ಗಿಸಿ, "ಅಂಕಲ್, ಆನೆಸ್ಟ್ ಆಗಿ ಹೇಳಿ. ಮೊದಲು ಒಪ್ಪಿದ್ದು ಯಾರು?" ಎಂದರು. ಅವರ ಹೆಗಲ ಮೇಲೆ ಕೈಯಿಟ್ಟು ಹೇಳಿದೆ. ಆಮೇಲೆ ಸದಾನಂದರ ಬಳಿ ಹೋದೆ. ಅವರೂ ಅದನ್ನೇ ಕೇಳಿದರು, ನಾನೂ ಅದನ್ನೇ ಹೇಳಿದೆ.

"ಅವರ್ರಿ. ನೀವು ಎರಡನೇದವರು."

ಇಬ್ಬರೂ ನೆಮ್ಮದಿಯಿಂದ ಕಾರಿನ ಬಳಿ ಹೋಗಿ ಇಂಜಿನ್ ಆಫ್ ಮಾಡಿದರು.